ಬಾರದ ಫ್ರೇಮು, ಕಾಣದ ಮಡಕೆ

ನೆಲದ ಮೇಲೆ ಮಡಕೆ ಇದ್ದರೆ ಕಣ್ಣಿಗೆ ಕಾಣುತ್ತದೆ. ಇಲ್ಲದಿದ್ದರೆ, ಅದು ಇಲ್ಲ ಎಂಬ ಅರಿವು ಎಲ್ಲಿಂದ ಬರುತ್ತದೆ? ಇಲ್ಲದ ವಸ್ತುವಿಗೆ ಕಣ್ಣು ತಾಗಲಾರದು ಎಂದು ಭಾಟ್ಟ ಮೀಮಾಂಸಕರು ಇದಕ್ಕಾಗಿಯೇ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಆರನೆಯ ಪ್ರಮಾಣವನ್ನು (ಅರಿವಿನ ಸಾಧನವನ್ನು) ಒಪ್ಪಿದರು. ಕುಮಾರಿಲನ ಶ್ಲೋಕವಾರ್ತಿಕ ಅದಕ್ಕೊಂದು ಪ್ರಕರಣವನ್ನೇ ಮೀಸಲಿಟ್ಟಿದೆ. ಅಭಾವವೂ ಪ್ರತ್ಯಕ್ಷಕ್ಕೇ ಗೋಚರ ಎಂಬುದು ನೈಯಾಯಿಕರ ವಾದ. ಅಭಾವವೆಂಬ ಬೇರೆ ಪದಾರ್ಥವೇ ಇಲ್ಲ, ಕಂಡದ್ದು ಬರಿಯ ನೆಲ ಅಷ್ಟೇ ಎಂದು ಮೀಮಾಂಸೆಯದೇ ಇನ್ನೊಂದು ಪಂಥದ ಪ್ರಾಭಾಕರರು ಪ್ರಶ್ನೆಯ ಬುಡವನ್ನೇ ಕಿತ್ತರು. ಈ ಹಳೆಯ ಜಗಳ ಈಥರ್ನೆಟ್ ರಿಂಗ್ ಜಾಲದ ಸ್ವಿಚ್ಚುಗಳಲ್ಲಿ ಸೆಕೆಂಡಿಗೆ 300 ಸಲ ತೀರ್ಮಾನವಾಗುತ್ತಿರುತ್ತದೆ.

ಸ್ವಿಚ್ಚುಗಳನ್ನು ಸರದ ಹಾಗೆ ಪೋಣಿಸಿ ಕೊನೆಯದನ್ನು ಮೊದಲಿನದಕ್ಕೆ ಸೇರಿಸಿದರೆ ಅದು ರಿಂಗ್. ಒಂದು ಕಡೆ ಕೇಬಲ್ ತುಂಡಾದರೂ ಇನ್ನೊಂದು ಸುತ್ತಿನಿಂದ ದಾರಿ ಉಳಿಯುತ್ತದೆ. ತೊಡಕೂ ಅಲ್ಲೇ ಇದೆ: ದತ್ತಾಂಶ ಹೊತ್ತು ಸಾಗುವ ಈಥರ್ನೆಟ್ ಫ್ರೇಮಿಗೆ ಆಯುಸ್ಸಿನ ಲೆಕ್ಕವಿಲ್ಲ, ಸುತ್ತು ಪೂರ್ತಿ ತೆರೆದಿದ್ದರೆ ಅದು ಸುತ್ತುತ್ತ, ಹೆಚ್ಚುತ್ತ ಇಡೀ ಜಾಲವನ್ನು ಮುಳುಗಿಸುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಐಟಿಯು-ಟಿ ವಿಭಾಗ 2008ರಲ್ಲಿ ಹೊರತಂದ ಜಿ.8032 ಮಾನದಂಡ ಇದಕ್ಕಾಗಿ ಒಂದು ಕೊಂಡಿಯನ್ನು ಬೇಕೆಂದೇ ಮುಚ್ಚಿಡುತ್ತದೆ. ಅದರ ಬಾಗಿಲು ಕಾಯುವ ಸ್ವಿಚ್ಚಿಗೆ ಓನರ್ ಎಂದು ಹೆಸರು. ಬೇರೆಲ್ಲೋ ಕೊಂಡಿ ಕಳಚಿತೆಂದು ತಿಳಿದರೆ ಮಾತ್ರ ಆ ಬಾಗಿಲು ತೆರೆಯಬೇಕು.

ಕಳಚಿದ್ದು ತಿಳಿಯುವ ಬಗೆ ಎರಡು. ಫೈಬರ್ ತುಂಡಾದರೆ ಪೋರ್ಟಿಗೆ ಬೆಳಕು ಬರುವುದು ನಿಂತು, ಹಾರ್ಡ್‌ವೇರಿಗೇ ಅದು ಗೊತ್ತಾಗುತ್ತದೆ. ಆದರೆ ನಡುವೆ ಇನ್ನೊಂದು ಉಪಕರಣವಿದ್ದರೆ ಬೆಳಕು ಇದ್ದೂ ಫ್ರೇಮು ದಾಟದೆ ಹೋಗಬಹುದು. ಅಂಥ ಕಡೆ ನೆರೆಯ ಸ್ವಿಚ್ಚುಗಳು ‘ನಾನಿದ್ದೇನೆ’ ಎನ್ನುವ ಪುಟ್ಟ ಸಂದೇಶವನ್ನು 3.33 ಮಿಲಿಸೆಕೆಂಡಿಗೊಮ್ಮೆ ಪರಸ್ಪರ ಕಳಿಸುತ್ತವೆ. ಅಂಥ ಮೂರೂವರೆ ಅವಧಿ, ಅಂದರೆ ಸುಮಾರು 11.7 ಮಿಲಿಸೆಕೆಂಡು, ಏನೂ ಬಾರದಿದ್ದರೆ ಸಂಪರ್ಕ ಹೋಯಿತೆಂದು ಲೆಕ್ಕ. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನೇ ಒಪ್ಪುವ ಮಾಧ್ವ ಮತ ಅಭಾವಜ್ಞಾನವನ್ನು ಸಂದರ್ಭ ನೋಡಿ ಪ್ರತ್ಯಕ್ಷದಲ್ಲೋ ಅನುಮಾನದಲ್ಲೋ ಸೇರಿಸುತ್ತದೆ. ಬೆಳಕು ನಿಂತದ್ದು ಮತ್ತು ಸಂದೇಶ ನಿಂತದ್ದು ಎಂಬ ಈ ಎರಡು ಬಗೆಗೆ ಆ ವಿಂಗಡಣೆ ಚೆನ್ನಾಗಿ ಹೊಂದುತ್ತದೆ.

ಕಾಣದ್ದೆಲ್ಲ ಇಲ್ಲವೆಂದಲ್ಲ. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಏನೂ ಸಿದ್ಧವಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಇದು ಯೋಗ್ಯಾನುಪಲಬ್ಧಿ. ಮಡಕೆಗೆ ಈ ಯೋಗ್ಯತೆಯನ್ನು ಹಗಲ ಬೆಳಕು ಕೊಡುತ್ತದೆ. ಜಾಲದಲ್ಲಿ ಅದನ್ನು ಕಟ್ಟಿಯೇ ತರಬೇಕು. ಸಾಮಾನ್ಯ ದತ್ತಾಂಶ ಬಾರದಿದ್ದರೆ ಯಾರೂ ಕಳಿಸಿಲ್ಲವೆಂದೂ ಆಗಬಹುದು. ಇಷ್ಟಿಷ್ಟು ಹೊತ್ತಿಗೆ ಬಂದೇ ತೀರಬೇಕೆಂಬ ಕರಾರು ಇದ್ದಾಗಲಷ್ಟೇ ಮೌನಕ್ಕೆ ಅರ್ಥ. ಒಳಗೆ ನಡೆಯುವುದು ಒಂದು ಟೈಮರ್ ಮುಗಿಯುವುದಷ್ಟೇ, ಅದು ಭಾವರೂಪದ ಘಟನೆಯೇ ಎಂದು ಪ್ರಾಭಾಕರರು ಹೇಳಬಹುದು. ಅರ್ಧ ನಿಜ. ಕರಾರಿಲ್ಲದ ಟೈಮರ್ ಎಷ್ಟು ಸಲ ಮುಗಿದರೂ ಅದು ಯಾವುದರ ಸುದ್ದಿಯೂ ಅಲ್ಲ. ಕರಾರಿದ್ದರೂ ತುಂಡಾದ ತಂತಿ, ಕೆಟ್ಟ ನೆರೆಯ ಸ್ವಿಚ್ಚು, ತನ್ನದೇ ಕೆಟ್ಟ ಪೋರ್ಟು ಈ ಮೂರರ ನಡುವಿನ ವ್ಯತ್ಯಾಸ ಮೌನದಿಂದ ತಿಳಿಯದು. ಮೂರಕ್ಕೂ ಮಾಡಬೇಕಾದ್ದು ಒಂದೇ ಆದ್ದರಿಂದ ಕೆಲಸ ನಡೆಯುತ್ತದೆ.

ಮೌನದಿಂದ ತಿಳಿದದ್ದು ಪಕ್ಕದ ಸ್ವಿಚ್ಚುಗಳಿಗೆ ಮಾತ್ರ. ಅವು ಕೆಟ್ಟ ಪೋರ್ಟನ್ನು ಮೊದಲು ಮುಚ್ಚಿ, ಕೈಕೊಟ್ಟ ಸುದ್ದಿಯನ್ನು ಎರಡೂ ದಿಕ್ಕಿಗೆ ಸಾರುತ್ತವೆ. ಉಳಿದವಕ್ಕೆ ಅದು ಶಬ್ದಪ್ರಮಾಣ. ಕೇಳಿದೊಡನೆ ಕಲಿತ ವಿಳಾಸಗಳನ್ನು ಅಳಿಸುತ್ತವೆ, ಓನರ್ ತನ್ನ ಬಾಗಿಲು ತೆರೆಯುತ್ತದೆ. ಇಷ್ಟೂ 50 ಮಿಲಿಸೆಕೆಂಡಿನೊಳಗೆ ಮುಗಿಯಬೇಕೆಂಬುದು ಗುರಿ. ಒಂದೇ ದಿಕ್ಕು ಕೆಟ್ಟಿದ್ದರೆ ಇನ್ನೂ ವಿಚಿತ್ರ: ತನ್ನ ಮಾತು ಮುಟ್ಟುತ್ತಿಲ್ಲವೆಂಬುದು ಆಡಿದವನಿಗೆ ತಾನಾಗಿ ತಿಳಿಯದು, ಕೇಳದವನೇ ಹೇಳಬೇಕು. ಅದಕ್ಕೆಂದೇ ಸಂದೇಶದಲ್ಲಿ ಒಂದು ಬಿಟ್ ಇದೆ.

ಚೇತರಿಕೆಯಲ್ಲಿ ಪ್ರಾಮಾಣ್ಯದ ನಿಯಮವೇ ಬದಲಾಗುತ್ತದೆ. ಜ್ಞಾನ ತಾನಾಗಿಯೇ ಪ್ರಮಾಣ, ಬಾಧಕ ಬರುವವರೆಗೆ ನಂಬಬಹುದು ಎಂಬುದು ಮೀಮಾಂಸಕರ ಸ್ವತಃಪ್ರಾಮಾಣ್ಯ. ದೋಷದ ಸುದ್ದಿಗೆ ರಿಂಗ್ ಸಲ್ಲಿಸುವ ನಂಬಿಕೆ ಈ ಬಗೆಯದು. ಕೊಂಡಿ ಮತ್ತೆ ಸರಿಹೋಯಿತೆಂಬ ಸುದ್ದಿಯನ್ನು ಮಾತ್ರ ಅದು ನೈಯಾಯಿಕರಂತೆ ಬೇರೆ ಆಧಾರ ಕಾದು ಒಪ್ಪುತ್ತದೆ. ದೋಷವೆಂದು ತಪ್ಪಾಗಿ ನಂಬಿದರೆ ದಾರಿ ಬದಲಾಗುತ್ತದೆ, ಅಷ್ಟೇ. ಸರಿಯಾಯಿತೆಂದು ಅವಸರಪಟ್ಟು ನಂಬಿದರೆ, ಬಿಟ್ಟು ಬಿಟ್ಟು ಕೈಕೊಡುವ ಕೊಂಡಿಯೊಂದು ಇಡೀ ಜಾಲವನ್ನು ಮತ್ತೆ ಮತ್ತೆ ಕದಲಿಸುತ್ತದೆ. ಆದ್ದರಿಂದ ಓನರ್ ಸಾಮಾನ್ಯವಾಗಿ 5 ನಿಮಿಷ ಕಾಯುತ್ತದೆ. ಈ ಅವಧಿಯನ್ನು 1ರಿಂದ 12 ನಿಮಿಷದವರೆಗೆ ಹೊಂದಿಸಬಹುದು. ಸುತ್ತಿನಲ್ಲಿ ಇನ್ನೂ ಓಡಾಡುತ್ತಿರುವ ಹಳಸಿದ ಸಂದೇಶಗಳನ್ನು ಪಕ್ಕದ ಸ್ವಿಚ್ಚುಗಳು ಗಾರ್ಡ್ ಟೈಮರ್ ಮುಗಿಯುವವರೆಗೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ಏಕೆಂದರೆ ಆಡಿದಾಗ ನಿಜವಾಗಿದ್ದ ಆ ಮಾತು ತಲಪುವ ಹೊತ್ತಿಗೆ ಸುಳ್ಳಾಗಿರುತ್ತದೆ. ಕಾಯುವ ಅವಧಿ ಮುಗಿದ ಮೇಲೆ ಓನರ್ ತನ್ನ ಬಾಗಿಲು ಮುಚ್ಚಿ ಹಾಗೆಂದು ಸಾರುತ್ತದೆ. ಆ ಮಾತು ತಲಪಿದ ನಂತರವೇ ದುರಸ್ತಿಯಾದ ಕೊಂಡಿಯ ಪೋರ್ಟುಗಳು ತೆರೆಯುತ್ತವೆ.