ಯಾರಿಗೂ ಬೇಡವಾದ ಇಂಡಿಕಾ

ಭಾವನ 2007ರ ಡೀಸೆಲ್ ಇಂಡಿಕಾ ಹಾಸನದ ಮನೆ ಹಿಂದೆ, ಹಲಸಿನ ಮರದ ಕೆಳಗೆ ಐದು ವರ್ಷ ನಿಂತಿತ್ತು. ಅದೇ ಮಾರುತಿ 800 ಆಗಿದ್ದಿದ್ರೆ 'ನಮ್ಮನೆಯ ಮೊದಲ ಕಾರು' ಅಂತ ಫೋಟೊ ಹಾಕಿ ಕಣ್ಣೊರೆಸಿಕೊಳ್ಳೋರು ಸಿಗ್ತಿದ್ರು. ಇಂಡಿಕಾಗೆ ಆ ಭಾಗ್ಯ ಇಲ್ಲ. ನಮ್ಮ ನೆನಪಲ್ಲಿ ಅದು ಕಾಲ್ ಸೆಂಟರಿನ ಪಿಕಪ್ ಗಾಡಿ, ಅಷ್ಟೇ. ಗುಜರಿಯವನು ಬಂದು ತೂಕದ ಲೆಕ್ಕ ಹೇಳಿಯೂ ಹೋಗಿದ್ದ.

ಅಕ್ಕನ ಮಗನಿಗೆ 18 ತುಂಬಿ ಲೈಸೆನ್ಸ್ ಬಂದಾಗ ಬಾಯಿ ಹಾಕಿದವನು ನಾನೇ. ಅದನ್ನೇ ರೆಡಿ ಮಾಡಿಸೋಣ, ಕೈಗೆ ಗ್ರೀಸ್ ಹತ್ತಿದರೆ ವಸ್ತುವಿನ ಬೆಲೆ ತಿಳಿಯುತ್ತೆ, ಇತ್ಯಾದಿ. ಆಗಷ್ಟೇ ಹೊಸ ಕಾರಿನ ಇಎಂಐ ಶುರುವಾಗಿತ್ತು ನನಗೆ. ಉಪದೇಶಕ್ಕೆ ಒಳ್ಳೇ ಸಮಯ!

ಮೂರು ತಿಂಗಳ ಭಾನುವಾರಗಳು ಗ್ಯಾರೇಜಿನಲ್ಲೇ ಕಳೆದವು. ಡೀಸೆಲ್ ಟ್ಯಾಂಕ್ ಇಳಿಸಿ ತೊಳೆದಾಯ್ತು. ಬ್ರೇಕ್ ಶೂ, ಕ್ಲಚ್ ಪ್ಲೇಟ್, ಬುಷ್‌ಗಳು ಹೊಸವು ಬಂದವು. ಕೆಲವು ಸಾಮಾನು ಜೆ.ಸಿ. ರಸ್ತೆಯಿಂದ ನಾನೇ ಹೊತ್ತು ತಂದೆ. ಟೈರುಗಳಲ್ಲಿ ಬಟನ್ ಚೆನ್ನಾಗಿತ್ತು, ಬಿಡೋಣ ಅಂದೆ. ಹುಡುಗ ಬಗ್ಗಿ ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ ತೋರಿಸಿದ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. '14' ಅಂತಿತ್ತು. ರಬ್ಬರು ಬಿರುಕು ಬಿಟ್ಟಿತ್ತು. ಖರ್ಚು ಕಾರಿನ ಬೆಲೆಯನ್ನೇ ದಾಟಿತು. 15 ವರ್ಷ ಮೀರಿದ ಗಾಡಿ ಆದ್ದರಿಂದ ಆರ್‌ಟಿಒದಲ್ಲಿ ಪರೀಕ್ಷೆ ಮಾಡಿಸಿ ನೋಂದಣಿ ನವೀಕರಣವೂ ಆಯ್ತು.

ಕೀ ಕೊಡೋ ದಿನ ಅವನು ಕೇಳಿದ: "ಮಾಮ, ಇದ್ರಲ್ಲಿ ಏರ್‌ಬ್ಯಾಗ್ ಒಂದೂ ಇಲ್ಲ. ನಿನ್ನ ಕಾರಲ್ಲಿ ಎಷ್ಟಿದೆ?"

ಆರು.

ತಕರಾರಿನ ದನಿಯಲ್ಲ, ಸುಮ್ಮನೆ ಕೇಳಿದ್ದು. ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆದದ್ದೇ 2019ರಲ್ಲಿ, ನಾವೆಲ್ಲ ಇಂಥದ್ರಲ್ಲೇ ಕಲಿತವರು ಅಂತ ಹೇಳಹೊರಟೆ. ಅರ್ಧಕ್ಕೇ ನಿಲ್ಲಿಸಿದೆ. ನಾವು ಕಲಿತು ಬದುಕಿದೆವು ಅಂತ ಹೇಳೋಕೆ ಬದುಕಿದವರು ಮಾತ್ರ ಉಳಿದಿರ್ತಾರೆ.

ಹೊಸದಾಗಿ ಸ್ಟೇರಿಂಗ್ ಹಿಡಿದವನೇ ತಪ್ಪು ಮಾಡೋದು ಹೆಚ್ಚು. ಅವನಿಗೇ ಕಡಿಮೆ ರಕ್ಷಣೆಯ ಗಾಡಿ. ಹದಿನಾಲ್ಕು ವರ್ಷ ಓಡಿಸಿದ ನನಗೆ ಆರು ಏರ್‌ಬ್ಯಾಗು. ಇದಕ್ಕೆ ನಾನಿಟ್ಟ ಹೆಸರು ಶಿಸ್ತು. ಕಷ್ಟ ಕಲಿಸುತ್ತೆ ಅನ್ನೋದು ಸುಳ್ಳಲ್ಲ. ಆ ಮೂರು ತಿಂಗಳು ಅವನಿಗೆ ಕಲಿಸಿದ್ದನ್ನು ಯಾವ ಶೋರೂಮೂ ಕಲಿಸಲ್ಲ. ಆದರೆ ಬ್ರೇಕ್ ಶೂ ಹಾಕೋ ಕಷ್ಟ ಬೇರೆ, ಲಾರಿ ಎದುರಾದಾಗಿನ ಅಪಾಯ ಬೇರೆ. ಎರಡನ್ನೂ ಒಂದೇ ಪೊಟ್ಟಣ ಕಟ್ಟಿ ಕೊಟ್ಟಿದ್ದೆ. ಒಳಗೆ ನನ್ನ ಹಳೇ ದಿನಗಳ ಹಂಬಲವೂ ಸ್ವಲ್ಪ ಇತ್ತೇನೋ.

ಕಾರು ಬದಲಾಯಿಸಿಕೊಳ್ಳೋಣ ಅಂದೆ. ಅವನು ಒಪ್ಪಲಿಲ್ಲ. "ಇದು ನಂದು ಮಾಮ." ಕೊನೆಗೆ ಊರೊಳಗೆ ಇಂಡಿಕಾ, ಹೈವೇಗೆ ನನ್ನ ಕಾರು ಅಂತ ಮಾತಾಯ್ತು. ಹೋದ ವಾರ ಅವನು ನನ್ನ ಕಾರಲ್ಲಿ ಮಂಗಳೂರಿಗೆ ಹೋದ. ನಾನು ಪವರ್ ಸ್ಟೇರಿಂಗ್ ಇಲ್ಲದ ಇಂಡಿಕಾವನ್ನು ಸಂತೆಪೇಟೆಯಲ್ಲಿ ತಿರುಗಿಸುತ್ತಾ ಬೆವೆತೆ.