ಶೋಕವೂ ಸಾಧನೆಯೂ

ಸಾವು ಬಂದ ಮನೆಗೆ ಮಾತನಾಡಿಸಿಕೊಂಡು ಬರಲು ಹೋಗುವವರಲ್ಲಿ ಗೀತೆಯನ್ನು ಬಲ್ಲ ಹಿರಿಯರೊಬ್ಬರಾದರೂ ಇದ್ದೇ ಇರುತ್ತಾರೆ. ಗೋಡೆಗೊರಗಿ ಕುಳಿತು, ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕುತ್ತಿರುವ ತಾಯಿಗೆ ಅವರು, "ನೀವು ತಿಳಿದವರು ತಾಯಿ, ನೀವೇ ಹೀಗೆ ಅತ್ತರೆ ಹೇಗೆ? ದೇಹಕ್ಕೆ ಸಾವೇ ಹೊರತು ಆತ್ಮಕ್ಕುಂಟೆ?" ಎಂದು ಸಮಾಧಾನ ಹೇಳುತ್ತಾರೆ. ಹೇಳುವವರ ಅಂತಃಕರಣವನ್ನು ಶಂಕಿಸಬೇಕಾದುದಿಲ್ಲ. ಹೇಳಿದ ಮಾತು ಶಾಸ್ತ್ರಕ್ಕೆ ವಿರುದ್ಧವೂ ಅಲ್ಲ. ಆದರೂ ಆ ಮಾತು ಕಿವಿಗೆ ಬಿದ್ದೊಡನೆ ತಾಯಿಯ ಅಳು ತಟಕ್ಕನೆ ನಿಂತು, ದುಃಖವಿದ್ದ ಮುಖಕ್ಕೆ, ತಾನು ಅಳುತ್ತಿರುವುದೇ ತನ್ನ ಅಜ್ಞಾನದ ಗುರುತೆಂಬ ನಾಚಿಕೆಯೊಂದು ಬಂದು ಸೇರುವುದನ್ನು ಕಂಡವರಿಗೆ, ಅಲ್ಲಿ ನಡೆದದ್ದು ಸಮಾಧಾನವೆಂದು ಒಪ್ಪಲು ಮನಸ್ಸು ಬಾರದು. ಧರ್ಮಮಾರ್ಗದಲ್ಲಿ ನಡೆಯಬೇಕೆನ್ನುವವನು ತನ್ನ ಶೋಕ, ಭಯ, ಕ್ರೋಧಗಳನ್ನು ಇಲ್ಲವೆನ್ನಬೇಕೋ, ಉಂಟೆಂದು ಒಪ್ಪಿಕೊಂಡು ಅಲ್ಲಿಂದಲೇ ಹೊರಡಬೇಕೋ ಎಂಬುದನ್ನು ನಮ್ಮ ಗ್ರಂಥಗಳನ್ನೇ ಕೇಳಿ ನೋಡುವುದು ಲೇಸು.

ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ನಾರದನು ಸನತ್ಕುಮಾರನ ಬಳಿಗೆ ಶಿಷ್ಯನಾಗಿ ಬರುತ್ತಾನೆ. ನಿನಗೆ ತಿಳಿದಿರುವುದನ್ನು ಮೊದಲು ಹೇಳು, ಅದರಾಚೆಯದನ್ನು ನಾನು ಹೇಳುವೆನೆಂದು ಗುರುವೆನ್ನಲು, ನಾಲ್ಕು ವೇದಗಳು, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಸರ್ಪವಿದ್ಯೆ ಎಂದು ದೊಡ್ಡದೊಂದು ಪಟ್ಟಿಯನ್ನು ಒಪ್ಪಿಸಿದ ನಾರದನು, ಇಷ್ಟೆಲ್ಲ ಬಲ್ಲ ನಾನು ಮಂತ್ರವನ್ನು ಬಲ್ಲವನೇ ಹೊರತು ಆತ್ಮವನ್ನು ಬಲ್ಲವನಲ್ಲ, ನಾನು ಶೋಕದಲ್ಲಿದ್ದೇನೆ, ಇದರ ಆಚೆಯ ದಡಕ್ಕೆ ನನ್ನನ್ನು ಮುಟ್ಟಿಸಬೇಕು ಎಂದು ನಿವೇದಿಸಿಕೊಳ್ಳುತ್ತಾನೆ. ಯಾತಕ್ಕಾಗಿ ಶೋಕ? ಉಪನಿಷತ್ತು ಹೇಳುವುದಿಲ್ಲ; ಸನತ್ಕುಮಾರನು ಕೇಳುವುದೂ ಇಲ್ಲ. ದೇವರ್ಷಿಯಾದವನಿಗೆ ದುಃಖವೆಂತೆಂಬ ಆಕ್ಷೇಪಣೆಯೂ ಅವನ ಬಾಯಿಂದ ಬರುವುದಿಲ್ಲ. ನಾಮದಿಂದ ಹಿಡಿದು ಭೂಮದವರೆಗೆ ಏರಿಹೋಗುವ ಆ ಮಹೋಪದೇಶವೆಲ್ಲ, ಅಷ್ಟು ವಿದ್ಯೆಗಳ ಪಟ್ಟಿಯ ಕೊನೆಗೆ ಸೇರಿಸಿದ ಆ ಒಂದು ಸಣ್ಣ ಒಪ್ಪಿಗೆಗೆ ದೊರೆತ ಉತ್ತರವಾಗಿದೆ.

ಅರ್ಜುನನ ಸಂಗತಿ ಇದಕ್ಕಿಂತ ತೊಡಕಿನದು. ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಗೀತೆಯ ಮೊದಲನೆಯ ಅಧ್ಯಾಯದ ಮೇಲೆ ನಿಲ್ಲದೆ, ಉಪದೇಶಕ್ಕೆ ಆರಂಭಸ್ಥಾನವಾದ ಎರಡನೆಯ ಅಧ್ಯಾಯದ 11ನೆಯ ಶ್ಲೋಕದಿಂದಲೇ ವಿವರಣೆಗೆ ತೊಡಗುತ್ತಾರೆ. ತತ್ತ್ವನಿರ್ಣಯಕ್ಕೆ ಕುಳಿತವರಿಗೆ ಅದು ಯುಕ್ತವೇ ಸರಿ. ಆದರೆ ನಮ್ಮಂಥ ಸಾಮಾನ್ಯರು, ಶೋಕಿಸಬೇಡವೆನ್ನುವ ಆ ಶ್ಲೋಕವನ್ನು ಮೊದಲು ಕಲಿತು, ಅದಕ್ಕೆ ಹಿಂದಿನದನ್ನು ಪೀಠಿಕೆಯೆಂದು ದಾಟಿಹೋಗುವುದರಿಂದ ಒಂದು ನಷ್ಟವುಂಟು. ಮೊದಲ ಅಧ್ಯಾಯದಲ್ಲಿ ಅರ್ಜುನನಿಗೆ ಅಂಗಾಂಗಗಳು ಕುಸಿಯುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಚರ್ಮ ಸುಡುತ್ತದೆ, ಗಾಂಡೀವ ಕೈಯಿಂದ ಜಾರುತ್ತದೆ. ಇದು ಶರೀರವು ಸುಳ್ಳಿಲ್ಲದೆ ಆಡಿದ ಮಾತು. ಅದರ ಬೆನ್ನಿಗೇ ಅವನ ಬುದ್ಧಿ ಎಚ್ಚತ್ತು, ಕುಲಕ್ಷಯ, ಕುಲಧರ್ಮನಾಶ, ವರ್ಣಸಂಕರ, ಪಿತೃಗಳಿಗೆ ಪಿಂಡೋದಕಗಳ ಲೋಪ ಎಂದು ಶಾಸ್ತ್ರವಾಕ್ಯಗಳನ್ನು ಒಂದರ ಮೇಲೊಂದಾಗಿ ಹೇರುತ್ತದೆ. ಮನುಷ್ಯಸ್ವಭಾವವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ: ಎದುರಿಗಿರುವವರು ನನ್ನ ಅಜ್ಜ, ನನ್ನ ಗುರು, ಇವರನ್ನು ಕೊಲ್ಲಲಾರೆ ಎಂಬ ನಾಲ್ಕು ಮಾತಿನ ಸತ್ಯವನ್ನು ಆಡಿ ನಿಲ್ಲಲಾರದೆ, ಅದಕ್ಕೆ ಧರ್ಮಮೀಮಾಂಸೆಯ ಶಾಲು ಹೊದಿಸುವುದು. ಕೃಷ್ಣನ ಮೊದಲ ಉತ್ತರ ಬರಿಯ ಗದರಿಕೆ. ಈ ಹೇಡಿತನ ನಿನಗೆ ತಕ್ಕುದಲ್ಲ, ಏಳು ಎನ್ನುತ್ತಾನೆ. ಜಗದ್ಗುರುವಿನ ಬಾಯಿಂದ ಬಂದರೂ ಆ ಗದರಿಕೆ ಫಲಿಸಲಿಲ್ಲವೆಂಬುದನ್ನು ಸಾವಿನ ಮನೆಯ ಸಮಾಧಾನಕಾರರು ಮನಸ್ಸಿನಲ್ಲಿಡತಕ್ಕದ್ದು. ಅರ್ಜುನ ಏಳಲಿಲ್ಲ. ಇನ್ನಷ್ಟು ವಾದಿಸಿ, ಕಡೆಗೆ ವಾದವೆಲ್ಲ ತೀರಿ, ನನ್ನ ಸ್ವಭಾವವೇ ದೈನ್ಯದಿಂದ ಕೆಟ್ಟಿದೆ, ಧರ್ಮ ಯಾವುದೆಂದು ನನಗೆ ತೋಚದು, ಭೂಮಿಯ ರಾಜ್ಯವೂ ದೇವತೆಗಳ ಒಡೆತನವೂ ಬಂದರೂ ಇಂದ್ರಿಯಗಳನ್ನು ಒಣಗಿಸುತ್ತಿರುವ ಈ ಶೋಕ ಹೋಗುವ ಹಾಗೆ ಕಾಣುವುದಿಲ್ಲ, ನಾನು ನಿನ್ನ ಶಿಷ್ಯ ಎಂದು ಹೇಳಿ ಸುಮ್ಮನಾಗುತ್ತಾನೆ. ಕೃಷ್ಣನ ಮುಖದಲ್ಲಿ ನಗೆಯಂಥದೊಂದು ಮೂಡುವುದು ಆಗ. ಹದಿನೇಳು ಅಧ್ಯಾಯಗಳ ಬೋಧೆ ಮೊದಲಾಗುವುದು ಆ ಬಳಿಕ. ಶಾಲನ್ನು ತೆಗೆದಿಟ್ಟ ಶೋಕಕ್ಕೆ ಮಾತ್ರ ಉಪದೇಶ ದೊರೆಯಿತೆಂದೇ ನಾನು ಇದನ್ನು ಓದಿಕೊಂಡಿದ್ದೇನೆ. ಮುಂದೆ ಮೂರನೆಯ ಅಧ್ಯಾಯದಲ್ಲಿ, ಕೈಕಾಲುಗಳನ್ನು ಬಿಗಿಹಿಡಿದು ಮನಸ್ಸಿನಲ್ಲಿ ವಿಷಯಗಳನ್ನೇ ಮೆಲುಕುಹಾಕುತ್ತ ಕುಳಿತವನನ್ನು ಮಿಥ್ಯಾಚಾರಿಯೆಂದು ಅದೇ ಕೃಷ್ಣನು ಕರೆಯುವುದೂ ಇದಕ್ಕೆ ಹೊಂದುವಂತಿದೆ.

ಮುಚ್ಚಿಟ್ಟದ್ದರ ಬೆಲೆ ಎಷ್ಟೆಂಬುದಕ್ಕೆ ಕುಂತಿಗಿಂತ ದೊಡ್ಡ ನಿದರ್ಶನ ಭಾರತದಲ್ಲಿಲ್ಲ. ಯುದ್ಧ ಮುಗಿದು, ಗಂಗೆಯ ದಡದಲ್ಲಿ ಸತ್ತವರಿಗೆಲ್ಲ ತರ್ಪಣ ನಡೆಯುತ್ತಿರುವಾಗ, ಅವಳು ತಡೆಯಲಾರದೆ, ನೀವು ಸೂತಪುತ್ರನೆಂದುಕೊಂಡ ಕರ್ಣ ನಿಮ್ಮ ಹಿರಿಯಣ್ಣ, ಅವನಿಗೂ ನೀರು ಬಿಡಿ ಎನ್ನುತ್ತಾಳೆ. ಧರ್ಮರಾಯನಿಗೆ ಅಭಿಮನ್ಯುವಿನ ಸಾವಿಗಿಂತಲೂ ನೂರ್ಮಡಿಯಾದ ದುಃಖ ಅಲ್ಲಿ ತಾಗಿತು. ಒಬ್ಬ ತಾಯಿ ಲೋಕಾಪವಾದಕ್ಕೆ ಅಂಜಿ ಒಳಗಿಟ್ಟುಕೊಂಡದ್ದು, ಹಸಿ ಸೌದೆಯಂತೆ ಉರಿಯದೆ ಆರದೆ, ಒಂದು ವಂಶವೆಲ್ಲ ಕಣ್ಣುಜ್ಜಿಕೊಳ್ಳುವಷ್ಟು ಹೊಗೆಯಾಡಿತು. ಇದಕ್ಕೆ ಮುನಿದು ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲೆಂದು ಇಡೀ ಸ್ತ್ರೀಕುಲವನ್ನು ಧರ್ಮರಾಯನು ಶಪಿಸಿದ್ದು ಅಧರ್ಮವೆಂದೇ ಹೇಳಬೇಕು. ಅವಳು ಗುಟ್ಟು ಕಾಯುವಂತೆ ಮಾಡಿದ ಲೋಕವನ್ನು ಅವನು ಶಪಿಸಲಿಲ್ಲ.

ಹಾಗಾದರೆ ಹುಟ್ಟಿದ ಭಾವವನ್ನೆಲ್ಲ ಹಾಗೆಯೇ ಹೊರಗೆ ಹರಿಯಬಿಡುವುದು ಸತ್ಯನಿಷ್ಠೆಯೆ? ಈ ಆಕ್ಷೇಪಣೆ ಸಣ್ಣದಲ್ಲ. ಅಶ್ವತ್ಥಾಮನ ಪಿತೃಶೋಕದಲ್ಲಿ ಕಪಟವೇನಿತ್ತು? ಹುಸಿಮಾತಿಗೆ ಸಿಕ್ಕಿ ತಂದೆ ಹತನಾದದ್ದು ನಿಜ. ಆ ಕಡೆಯ ರಾತ್ರಿ ಆಲದ ಮರದ ಕೆಳಗೆ ಜೊತೆಗಿದ್ದ ಇಬ್ಬರು ನಿದ್ದೆಹೋದಾಗ, ಇವನೊಬ್ಬನು ಎಚ್ಚರವಿದ್ದು, ಮಲಗಿದ್ದ ಕಾಗೆಗಳನ್ನು ಗೂಗೆ ಕೊಲ್ಲುವುದನ್ನು ನೋಡಿದನು. ಈ ರಾತ್ರಿ ಮಲಗು, ಬೆಳಗಾದ ಮೇಲೆ ಹಿರಿಯರನ್ನು ಕೇಳೋಣ ಎಂದು ಸೋದರಮಾವ ಕೃಪನು ಹೇಳಿದ ಮಾತಿಗಿಂತ ಪ್ರಯೋಜನಕರವಾದ ವೇದಾಂತ ಆ ಹೊತ್ತಿಗೆ ಬೇರೊಂದಿರಲಿಲ್ಲ; ಅವನು ಕೇಳಲಿಲ್ಲ. ದುಃಖದೊಡನೆ ಒಂದು ರಾತ್ರಿ ಕೂಡ ಕುಳಿತಿರಲಾರದೆ ಅದನ್ನು ಕೈಗೆ ಕತ್ತಿಯಾಗಿ ಕೊಟ್ಟವನು, ಮಲಗಿದ್ದ ದ್ರೌಪದಿಯ ಮಕ್ಕಳನ್ನು ಕೊಂದನು. ಅವನು ದುಃಖವನ್ನು ಅನುಭವಿಸಿದನೆನ್ನುವುದಕ್ಕಿಂತ ಅದರಿಂದ ಓಡಿಹೋದನೆನ್ನುವುದು ಸರಿ.

ಅದೇ ರಣಭೂಮಿಯಲ್ಲಿ ನಮ್ಮ ಮುಧೋಳದ ರನ್ನನು ಹತ್ತನೆಯ ಶತಮಾನದಲ್ಲಿ ಬೇರೊಂದು ದೃಶ್ಯವನ್ನು ಕಂಡನು. ಸಾಹಸಭೀಮವಿಜಯದ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ಭೀಷ್ಮನಲ್ಲಿಗೆ ನಡೆದುಹೋಗುತ್ತ, ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿಗೆ ಕೈಮುಗಿಯುತ್ತಾನೆ. ತನ್ನ ಮಗ ಲಕ್ಷಣಕುಮಾರನಿಗಾಗಿ ಮರುಗುತ್ತಾನೆ. ಉಣಿಸು ತಿನಿಸುಗಳಲ್ಲಿ ತನ್ನ ಹಿಂದೆಯೇ ಬರುತ್ತಿದ್ದ ದುಶ್ಶಾಸನನು ಸಾವಿನಲ್ಲಿ ಮಾತ್ರ ಮುಂದಾದನೆಂದು ಹಲುಬುತ್ತಾನೆ. ಕರ್ಣನ ಹುಟ್ಟಿನ ರಹಸ್ಯವನ್ನು ಕುಂತಿಯೂ ಕೃಷ್ಣನೂ ಬಲ್ಲಂತೆ ತಾನೂ ಬಲ್ಲೆನೆಂದು ಅಲ್ಲಿ ಬಾಯಿಬಿಡುತ್ತಾನೆ. ಇಷ್ಟಾಗಿಯೂ ಅವನು ಸಂಧಿಗೆ ಒಪ್ಪಲಿಲ್ಲ, ಛಲ ಬಿಡಲಿಲ್ಲ; ಅತ್ತವರೆಲ್ಲ ಜ್ಞಾನಿಗಳಾಗುತ್ತಾರೆಂದು ರನ್ನನು ನಂಬಿಸಹೋಗುವುದಿಲ್ಲ. ಆದರೂ ಜೀವಮಾನವೆಲ್ಲ ಕಾಣದಿದ್ದ ಒಂದು ದೊಡ್ಡತನ ಆ ಸ್ವಲ್ಪ ಹೊತ್ತು ಅವನಲ್ಲಿ ತೋರಿಬರುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಹೆಣದ ಸುತ್ತ ಕುಳಿತು ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಈ ವಿಲಾಪದ ನಡೆ ಹೊಸದೆನಿಸದು: ಸತ್ತವನು ಕಟ್ಟಿದ ಎತ್ತು, ಬಿತ್ತಿದ ಹೊಲ, ಜಾತ್ರೆಯಿಂದ ತಂದ ಬಳೆ, ತೀರಿಸದೆ ಬಿಟ್ಟುಹೋದ ಜಗಳ, ಒಂದನ್ನೂ ಬಿಡದೆ ಹೆಸರಿಟ್ಟು ಹೇಳಿ, ಹೇಳುತ್ತ ಹೇಳುತ್ತ ದನಿ ತಗ್ಗಿ, ಆಮೇಲೆ ಎದ್ದು ಮುಂದಿನ ಕೆಲಸಕ್ಕೆ ಕೈಹಚ್ಚುತ್ತಾರೆ. ಪಟ್ಟಣದ ನಾವು ಇದನ್ನು ಅನಾಗರಿಕವೆಂದು ಬಿಟ್ಟೆವು.

ಇನ್ನು ಗೀತೆಯನ್ನು ಕೇಳಿದವನ ಮುಂದಿನ ಕಥೆ. ಯುದ್ಧದ ಹದಿಮೂರನೆಯ ದಿನ ಅಭಿಮನ್ಯು ಬಿದ್ದಾಗ ಅರ್ಜುನನು ಎಲ್ಲ ತಂದೆಯರಂತೆ ಅತ್ತನು. ನಿನಗೆ ಇಷ್ಟೆಲ್ಲ ಬೋಧಿಸಿದ್ದೆನಲ್ಲ ಎಂದು ಕೃಷ್ಣನು ಹಂಗಿಸಲಿಲ್ಲ. ಶೂರರ ಹಾದಿಯೇ ಇದು, ನಿನ್ನನ್ನು ನೋಡಿ ಅಣ್ಣತಮ್ಮಂದಿರು ಕುಗ್ಗಿದ್ದಾರೆ, ಅವರಿಗೆ ಧೈರ್ಯ ಹೇಳು ಎಂದನು, ಬಳಿಕ ಸುಭದ್ರೆಯನ್ನು ಸಂತೈಸಲು ಹೋದನು. ಎಲ್ಲ ಮುಗಿದು ರಾಜ್ಯ ನೆಲೆಗೊಂಡ ಮೇಲೆ, ಕೃಷ್ಣನು ದ್ವಾರಕೆಗೆ ಹೊರಡುವ ಮುನ್ನ ಅರ್ಜುನನು, ಅಂದು ರಣರಂಗದಲ್ಲಿ ನೀನು ಹೇಳಿದ್ದೆಲ್ಲ ನನಗೆ ಮರೆತುಹೋಗಿದೆ, ಮತ್ತೊಮ್ಮೆ ಹೇಳು ಎಂದು ಕೇಳಿದ ಪ್ರಸಂಗ ಅಶ್ವಮೇಧಪರ್ವದ ಅನುಗೀತೆಯಲ್ಲಿದೆ. ಕೃಷ್ಣನಿಗೆ ಇದು ಹಿಡಿಸಲಿಲ್ಲ. ಅಂದು ಯೋಗದಲ್ಲಿದ್ದು ಹೇಳಿದ್ದನ್ನು ಪೂರ್ತಿಯಾಗಿ ಇನ್ನೊಮ್ಮೆ ಹೇಳಲಾರೆನೆಂದು ಬೇಸರಪಟ್ಟುಕೊಂಡನು. ಪಟ್ಟುಕೊಂಡು, ಹಳೆಯ ಕಾಲದ ಸಂವಾದವೊಂದನ್ನು ಎತ್ತಿಕೊಂಡು, ಮೊದಲಿನಿಂದ ಹೇಳತೊಡಗಿದನು.