ನೆನಪಿಲ್ಲದ ತಪ್ಪಿಗೆ ಯಾರು ಹೊಣೆ?

ಶವಾಗಾರದ ಕಲ್ಲುಹಾಸಿನ ಮೇಲೆ ಒಬ್ಬನಿಗೆ ಎಚ್ಚರವಾಗುತ್ತದೆ. ಮೈತುಂಬ ಗಾಯದ ಗುರುತುಗಳು, ಬೆನ್ನ ಮೇಲೆ ಹಚ್ಚೆಯ ಬರಹ. ತನ್ನ ಹೆಸರೂ ಅವನಿಗೆ ನೆನಪಿಲ್ಲ. 1999ರಲ್ಲಿ ಬ್ಲ್ಯಾಕ್ ಐಲ್ ಸ್ಟುಡಿಯೋಸ್ ರೂಪಿಸಿದ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಎಂಬ ಕಂಪ್ಯೂಟರ್ ಆಟ ಶುರುವಾಗುವುದು ಹೀಗೆ. ಕಾಲೇಜಿನ ದಿನಗಳಲ್ಲಿ ಗೆಳೆಯನ ಕಂಪ್ಯೂಟರಿನಲ್ಲಿ, ನಾಲ್ಕು ಸಿ.ಡಿ.ಗಳನ್ನು ಬದಲಿಸುತ್ತಾ ಅದನ್ನು ಆಡಿದ್ದೆ. 2017ರಲ್ಲಿ ಪರಿಷ್ಕೃತ ಆವೃತ್ತಿ ಬಂದಾಗ ಕೊಂಡಿಟ್ಟಿದ್ದೆ. ಮತ್ತೆ ಆಡಲು ಕೂತದ್ದು ಈ ಬೇಸಿಗೆಯಲ್ಲಿ.

ಕಾದಾಟಕ್ಕಿಂತ ಮಾತೇ ಹೆಚ್ಚಿರುವ ಆಟ ಇದು. ನಾಯಕನಿಗೆ ಸಾವಿಲ್ಲ. ಒಂದೇ ದೇಹದಲ್ಲಿ ಎಷ್ಟೋ ಬಾಳು ಬಾಳಿದ್ದಾನೆ, ಆ ಬಾಳುಗಳ ನೆನಪು ಮಾತ್ರ ಅಳಿಸಿಹೋಗಿದೆ. ಶವಾಗಾರದಲ್ಲೇ ಡಿಯೊನಾರಾ ಎಂಬ ಹೆಣ್ಣಿನ ಪ್ರೇತ ಎದುರಾಗುತ್ತದೆ. ಅವಳು ಅವನನ್ನು ಪ್ರೀತಿಸಿದ್ದಳು. ಹಿಂದಿನ ಒಂದು ಬಾಳಿನಲ್ಲಿ ಅವನು ಆ ಪ್ರೀತಿಯನ್ನೇ ಬಳಸಿಕೊಂಡು ಅವಳನ್ನು ಸಾವಿನತ್ತ ನಡೆಸಿದ್ದ. ಅವಳಿಗೆ ಎಲ್ಲ ನೆನಪಿದೆ. ಅವನಿಗೆ ಅವಳ ಗುರುತೂ ಇಲ್ಲ.

ಹಾಗಾದರೆ ತಪ್ಪು ಯಾರದು? 17ನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನ ಪ್ರಕಾರ ಒಬ್ಬ ಮನುಷ್ಯನನ್ನು ‘ಅವನೇ ಇವನು’ ಎನ್ನುವಂತೆ ಮಾಡುವುದು ದೇಹವಲ್ಲ, ಅವನ ಪ್ರಜ್ಞೆ. ಹಿಂದೆ ಮಾಡಿದ್ದನ್ನು ತಾನೇ ಮಾಡಿದ್ದೆಂದು ಅರಿಯಬಲ್ಲಷ್ಟು ದೂರಕ್ಕೆ ‘ನಾನು’ ಚಾಚಿಕೊಂಡಿರುತ್ತದೆ. ಈ ಲೆಕ್ಕದಲ್ಲಿ ನಮ್ಮ ನಾಯಕ ನಿರಪರಾಧಿ. ನನಗೂ ಈ ಮಾತು ಹಿಡಿಸಿತ್ತು, ಆ ಗೆಳೆಯನಿಗೆ ಫೋನ್ ಮಾಡುವವರೆಗೆ.

ಆಟದ ಸುದ್ದಿ ಕೇಳಿ ಅವನು ನಕ್ಕ. “ಈ ಸಲಾನೂ ಮೋರ್ಟ್‌ನ ಕೊಟ್ಬಿಡ್ತೀಯೇನೋ ಮಾರಾಯ?” ಮೋರ್ಟ್ ಎಂದರೆ ನಾಯಕನ ಜೊತೆಗಾರ, ತೇಲಾಡುವ ಮಾತಿನಮಲ್ಲ ತಲೆಬುರುಡೆ. ನರಕದಲ್ಲಿ ಬುರುಡೆಗಳದೇ ಒಂದು ಕಂಬವಿದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಅದಕ್ಕೆ ಬೆಲೆಯಾಗಿ ಮೋರ್ಟ್‌ನನ್ನೇ ಒಪ್ಪಿಸಬಹುದು. ನಾನು ಒಪ್ಪಿಸಿದ್ದೆನಂತೆ. ನನಗೆ ನೆನಪಿರಲಿಲ್ಲ.

ಸ್ವಲ್ಪ ಸುಮ್ಮನಿದ್ದು ಅವನೇ ಮುಂದುವರಿಸಿದ: “ಅಪ್ಪ ಆಸ್ಪತ್ರೇಲಿದ್ದಾಗ ರಾತ್ರಿ ಕೂರೋಕೆ ಬರ್ತೀನಿ ಅಂದಿದ್ದೆ. ಬರಲೇ ಇಲ್ಲ.”

ಅದೂ ನೆನಪಿಲ್ಲ. ಆ ರಾತ್ರಿ ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಒಂದೂ ಗೊತ್ತಿಲ್ಲ. “ಹೌದಾ? ನಂಗೆ ನೆನಪೇ ಇಲ್ವಲ್ಲೋ” ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಅದು ಉತ್ತರವಲ್ಲ, ಎರಡನೆಯ ಪೆಟ್ಟು. ಅವನು ಇಷ್ಟು ವರ್ಷ ಹೊತ್ತುಕೊಂಡು ಬಂದದ್ದು ನನ್ನಲ್ಲಿ ಒಂದು ಗೀರನ್ನೂ ಉಳಿಸಿರಲಿಲ್ಲ.

ನೆನಪಿಲ್ಲದವನನ್ನು ಶಿಕ್ಷಿಸುವುದು ನ್ಯಾಯವೇ ಎಂಬ ಪ್ರಶ್ನೆ ಬೇರೆ. ಮರೆವಿನ ಕಾಯಿಲೆಯ ಮುದುಕರನ್ನು ಹಳೆಯ ತಪ್ಪಿಗಾಗಿ ಕಟಕಟೆಗೆ ಎಳೆಯಲು ನನ್ನ ಮನಸ್ಸೂ ಒಪ್ಪದು. ಆದರೆ ಶಿಕ್ಷೆ ಬೇರೆ, ಹೊಣೆ ಬೇರೆ. ಸಾಲ ಪಡೆದವನು ಮರೆತನೆಂದು ಸಾಲ ತೀರುವುದಿಲ್ಲ. ಕೊಟ್ಟವನ ಪುಸ್ತಕದಲ್ಲಿ ಅದು ಹಾಗೇ ಇರುತ್ತದೆ. ಲಾಕ್‌ನ ಲೆಕ್ಕ ‘ನಾನು ಯಾರು’ ಎಂಬಲ್ಲಿಗೆ ನಿಲ್ಲುತ್ತದೆ. ನೊಂದವರ ಪ್ರಶ್ನೆ ‘ನನಗೇನಾಯಿತು’ ಎಂಬುದು. ಆಟದಲ್ಲಿ ನಾಯಕ ಸತ್ತಾಗಲೆಲ್ಲ ಅವನ ಬದಲು ಬೇರೆ ಯಾರೋ ಸಾಯುತ್ತಾರೆ, ನೆರಳಾಗಿ ಅವನನ್ನು ಬೆನ್ನಟ್ಟುತ್ತಾರೆ. ಅವನು ಮರೆತದ್ದರಿಂದ ಆ ನೆರಳುಗಳು ಕರಗುವುದಿಲ್ಲ.

ಮನುಷ್ಯನ ಸ್ವಭಾವವನ್ನು ಬದಲಿಸಬಲ್ಲದ್ದು ಯಾವುದು ಎಂದು ರೇವೆಲ್ ಎಂಬ ಮಾಟಗಾತಿ ಆಟದ ನಡುವೆ ಕೇಳುತ್ತಾಳೆ. ಪಶ್ಚಾತ್ತಾಪ ಎಂದು ಆರಿಸಲು ಹೋದವನು ತಡೆದೆ. ನೆನಪೇ ಇಲ್ಲದ್ದಕ್ಕೆ ಪಶ್ಚಾತ್ತಾಪ ಪಡುವುದು ಹೇಗೆ?

ನಾಯಕ ಒಂದು ದಾರಿ ತೋರಿಸುತ್ತಾನೆ. ಕಳೆದ ಬಾಳನ್ನು ಅವನು ಹೆಚ್ಚಾಗಿ ತಿಳಿಯುವುದು ತನ್ನಿಂದ ನೊಂದವರ ಬಾಯಿಂದ. ಮರುದಿನ ಗೆಳೆಯನಿಗೆ ಮತ್ತೆ ಫೋನ್ ಮಾಡಿ, “ಆ ರಾತ್ರಿ ಏನೇನಾಯ್ತು, ಎಲ್ಲ ಹೇಳು” ಎಂದೆ. “ಬಿಡೋ, ಹಳೇದು” ಎಂದ. ಬಿಡಲಿಲ್ಲ. ಒಂದು ಗಂಟೆ ಹೇಳಿದ: ಆಸ್ಪತ್ರೆಯ ಬೆಂಚು, ಮುಗಿಯುತ್ತಾ ಬಂದ ಡ್ರಿಪ್, ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ನಾನೇ ಬಂದೆನೆಂದು ತಲೆಯೆತ್ತಿದ್ದು.

ಈ ಸಲ ಮೋರ್ಟ್‌ನನ್ನು ಒಪ್ಪಿಸಲಿಲ್ಲ. ಅದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ, ಆಟವನ್ನು ಯಾರು ಬೇಕಾದರೂ ಮೊದಲಿನಿಂದ ಆಡಬಹುದು. ಆ ರಾತ್ರಿಯನ್ನು ಆಗದು. ಆದರೆ ಈಗ ಅದನ್ನು ನೆನಪಿಟ್ಟುಕೊಂಡವರು ಇಬ್ಬರಿದ್ದೇವೆ.